ಜ್ವರಗಡ್ಡೆಯ ಮೇಲೆ ಹಾಕಿಸಿದ ಬರೆ

ಶಿರಸಿ
೧೨ ಮೇ ೧೯೬೬

ಪ್ರೀತಿಯ ಅಣ್ಣಾ,

ನೀನು, ವೈನಿ, ಮಕ್ಕಳು ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಇಡಗುಂದಿಯಲ್ಲಿ ಮಳೆಗೆ ಮೊದಲು ಕಾಡಿನಿಂದ ನಾಟಾ ದಿಮ್ಮಿ ಸಾಗಿಸುವ ಗಡಿಬಿಡಿ ಇರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸವಿದ್ದರೆ ನಿನಗೆ ಹಸಿವೇ ನೆನಪಾಗುವುದಿಲ್ಲ.

ನಾವು ಮೊನ್ನೆ ಮುಂಬಯಿಯಿಂದ ಮರಳಿದೆವು. ಇವರ ಎಡಪಕ್ಕೆಯ ನೋವಿಗೆ ಎಕ್ಸ್‌ರೇಯಲ್ಲಿ ಏನೂ ಕಾಣದ್ದರಿಂದ ಇಲ್ಲಿಯ ಡಾಕ್ಟರರೇ ಅಲ್ಲಿಗೆ ಕಳಿಸಿದ್ದರು. ಪೇಪರಿನಲ್ಲಿ ಅಣುಬಾಂಬಿನ ಸುದ್ದಿಯನ್ನಷ್ಟೇ ಓದಿದವಳು ನಾನು. ಅಂಥದೇ ಕಿರಣ ಸೂಸುವ ಔಷಧವನ್ನು ಇವರ ತೋಳಿನ ನರಕ್ಕೆ ಚುಚ್ಚಿದರು. ಅದು ರಕ್ತದ ಜೊತೆ ಹೋಗಿ ಎಡಪಕ್ಕೆಯೊಳಗಿನ ಗುಲ್ಮದಲ್ಲಿ ನಿಲ್ಲುತ್ತದಂತೆ. ಆಮೇಲೆ ಇವರನ್ನು ಮಲಗಿಸಿದರು. ಒಂದು ಯಂತ್ರ ಹೊಟ್ಟೆಯ ಮೇಲೆ ಹೊಲ ಉತ್ತ ಹಾಗೆ ಅತ್ತಿಂದಿತ್ತ ಸಾಲು ಹಿಡಿದು ಹೋಗುತ್ತ ಕಾಗದದ ಮೇಲೆ ಟಕಟಕ ಚುಕ್ಕೆ ಒತ್ತಿತು. ಔಷಧ ಸೇರಿದಲ್ಲಿ ಚುಕ್ಕೆ ದಟ್ಟ. ನಡುವೆ ಓರೆಯಾಗಿ ಒಂದು ಪಟ್ಟಿ ಮಾತ್ರ ಖಾಲಿ. ಕನ್ನಡ ಬಲ್ಲ ಡಾಕ್ಟರರು ಅದನ್ನು ಬೆಳಕಿಗೆ ಹಿಡಿದು, “ಮಲೇರಿಯಾಕ್ಕೆ ಗುಲ್ಮ ಊದಿ ಜ್ವರಗಡ್ಡೆ ಆಗಿದ್ದದ್ದು ಹೌದು. ಆದರೆ ಇದು ಒಡೆದದ್ದು ಏಟಿಗೆ. ಎಲ್ಲಿ ಬಿತ್ತು ಏಟು?” ಎಂದರು. ಇವರು ನನ್ನ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿ, “ನಾಟಾ ಉರುಳಿ ಬಂತ್ರಿ. ಹಗ್ಗ ಬಿಡೋ ಮುಂದ ಇಕಿ ಅಣ್ಣ ಕೂಗಲಿಲ್ಲ” ಎಂದರು.

ಹಗ್ಗ ಬಿಡುವವನು ಮೊದಲು ಕೂಗಬೇಕು. ಅಪ್ಪ ಹೇಳಿಕೊಟ್ಟ ಈ ಮಾತು ಕಾಡಿಗೆ ಹೋಗದ ನನಗೂ ಗೊತ್ತು.

ಆ ದಿನ ಇವರನ್ನು ಗಾಡಿಯಲ್ಲಿ ಮನೆಗೆ ತಂದವನು ನೀನೇ. “ಜ್ವರಗಡ್ಡಿ ಏರೇತಿ ತಂಗಿ. ನಮ್ಮ ಕಡೆ ಯಾರಿಗಿಲ್ಲ ಹೇಳು” ಎಂದೆ. ನಂಬಿದೆ. ಮಲೇರಿಯಾದ ಈ ಸೀಮೆಯಲ್ಲಿ ಆ ಗಡ್ಡೆ ಇಲ್ಲದ ಹೊಟ್ಟೆ ಯಾವುದು? ಬರೆ ಹಾಕುವ ಬೈರನನ್ನು ಕರೆತಂದವನೂ ನೀನೇ. ಅವನು ಕೆಂಡದಿಂದ ಕುಡುಗೋಲು ತೆಗೆದಾಗ ನಾನು ಇವರ ತೋಳು ಹಿಡಿದಿದ್ದೆ, ನೀನು ಕಾಲು ಹಿಡಿದಿದ್ದೆ. ಇವರು ಚೀರಿದಾಗ, “ಹೆರಿಗಿ ನೋವೇನೋ ಭಾವಾ ಇದು?” ಎಂದು ನಗಾಡಿದವನು ನೀನು. ನಾನೂ ನಕ್ಕಿದ್ದೆ, ನಿನ್ನ ಮಾತು ಕೇಳಿ.

ಯಾಕೆ ಹೇಳಲಿಲ್ಲ ಎಂದು ಇವರನ್ನು ರೈಲಿನಲ್ಲಿ ಕೇಳಿದೆ. “ನಾಟಾ ಡಿಪೋದ ಕೆಲಸ ಹೋಗ್ತೇತಿ ಅಂತ ನಿಮ್ಮಣ್ಣ ಕೈ ಮುಗದ. ನಿನ್ನ ತವರು ಅಲ್ಲೇನು ಅದು?” ಎಂದರು. ಇವರ ಮೇಲೂ ಸಿಟ್ಟಿದೆ. ಗುಣವಾಗಲಿ, ಆಮೇಲೆ ಜಗಳಾಡುತ್ತೇನೆ. ಹಗ್ಗ ಯಾರ ಕೈಯಿಂದಲೂ ಜಾರಬಹುದು, ಅದನ್ನು ನಾನು ದೂರುವುದಿಲ್ಲ. ಆದರೆ ಆ ಕುಡುಗೋಲು ಕೆಂಪಾಗುವಷ್ಟು ಹೊತ್ತು ನಿನಗೆ ಬಾಯಿತ್ತಲ್ಲ ಅಣ್ಣಾ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಅವರಿಗೆ ಇದೇನೂ ತಿಳಿಯುವುದು ಬೇಡ.

ನಿನ್ನ ತಂಗಿ
ನೀಲಗಂಗಾ

ತಾ.ಕ.: ಟಪ್ಪಾಲು ಹೊರಡುವ ಹೊತ್ತಾಯಿತು. ಬರುವ ಗುರುವಾರ ಹುಬ್ಬಳ್ಳಿಯಲ್ಲಿ ಶಸ್ತ್ರಕ್ರಿಯೆ. ಗುಲ್ಮ ತೆಗೆಯದೆ ಬಿಟ್ಟರೆ, ಇನ್ನೊಮ್ಮೆ ಒಡೆದಾಗ ಉಳಿಯುವುದಿಲ್ಲ ಎಂದಿದ್ದಾರೆ. ರಕ್ತ ಬೇಕು, ನನ್ನದು ಹೊಂದಲಿಲ್ಲ. ಬುಧವಾರದ ಬಸ್ಸಿಗೆ ಅಲ್ಲಿಗೆ ಬಾ. ಹೊಂದಿದರೆ ಕೊಡು. ಇವರು ನಿನ್ನನ್ನು ಮಾತಾಡಿಸಬಹುದು. ನಾನು ಮಾತಾಡಿಸುವುದಿಲ್ಲ.