ಸೆರಗು ಹೇಳಿದ ಹೆಸರು

ಅಫಜಲಪುರ
೧೪ ಡಿಸೆಂಬರ್ ೧೯೮೩

ನನ್ನ ಪ್ರೀತಿಯ ಅಮ್ಮನಿಗೆ,

ಉಡುಪಿಯ ಮನೆಯಲ್ಲಿ ಎಲ್ಲರೂ ಸುಖವೆಂದು ನಂಬಿದ್ದೇನೆ. ನಾನೂ ಸುಖ, ಕ್ರಿಸ್ಮಸ್ಸಿಗೆ ರಜೆ ಸಿಕ್ಕಿದೆ. ನಮ್ಮ ಆಸ್ಪತ್ರೆಯ ಆಪರೇಶನ್ ಕೋಣೆಯ ಬಾಗಿಲು ಈಗಷ್ಟೇ ಮುಚ್ಚಿತು. ಅದು ತೆರೆಯುವವರೆಗೆ ಜಗಲಿಯಲ್ಲಿ ಕುಳಿತು ಬರೆಯುತ್ತೇನೆ.

ಇಲ್ಲಿಯ ಕನ್ನಡ ಅರ್ಥವಾಗುತ್ತದೆಯೇ ಎಂದು ನೀನು ಕೇಳಿದ್ದೆ. ಬಾಯಿ ಬಿಟ್ಟರೆ ತಾನೇ ಅರ್ಥವಾಗುವುದು! ಇಲ್ಲಿಯ ಹೆಂಗಸರು ಗಂಡನ ಹೆಸರನ್ನು ಸತ್ತರೂ ಹೇಳುವುದಿಲ್ಲ. ನೀನು ಅಪ್ಪನನ್ನು ಹೆಸರು ಹಿಡಿದು ಕೂಗುವುದನ್ನು ಕೇಳಿದರೆ ಕಿವಿ ಮುಚ್ಚಿಕೊಂಡು ಓಡಿಯಾರು.

ಇವತ್ತು ಮಣ್ಣೂರಿನಿಂದ ಇಬ್ಬರು ಬಂದಿದ್ದಾರೆ. ಇಬ್ಬರ ಹೆಸರೂ ಕಸ್ತೂರಿಬಾಯಿ, ಹೆಚ್ಚುಕಡಿಮೆ ಒಂದೇ ವಯಸ್ಸು. ಹಣಮಂತರಾಯನ ಹೆಂಡತಿಗೆ ನಾಲ್ಕು ಮಕ್ಕಳು. ಇನ್ನು ಸಾಕೆಂದು ಸಂತಾನಹರಣದ ಆಪರೇಶನ್ನಿಗೆ ಬಂದವಳು. ಅಂಬಾರಾಯನ ಹೆಂಡತಿಗೆ ಇನ್ನೂ ಮಕ್ಕಳಾಗಿಲ್ಲ, ಅವಳದು ಅಪೆಂಡಿಕ್ಸ್. ಎರಡೂ ಹೊಟ್ಟೆ ಕೊಯ್ಯುವ ಕೆಲಸವೇ. ಅದಲುಬದಲಾದರೆ ಗತಿಯೇನು ಎಂದು ಹೆದರಬೇಡ, ನಿನ್ನ ಮಗಳು ಅಷ್ಟು ದಡ್ಡಿಯಲ್ಲ.

ಕಿಟಕಿ ಕಡೆಯ ಮಂಚದವಳಿಗೆ ಗಂಡನ ಹೆಸರು ಕೇಳಿದೆ. "ಅವರರಿ" ಎಂದಳು. ಅವರೆಂದರೆ ಯಾರು? "ನಮ್ಮ ಮನಿಯವ್ರರಿ." ಆ ಕಡೆ ಡಾಕ್ಟರು ಅವಸರಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿ, "ಹಣಮಂತರಾಯನೇನು?" ಎಂದು ಗದರಿದೆ. ಅವಳು ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಖ ಬಗ್ಗಿಸಿದಳು. ಬಾಯಿ ಹೇಳದ್ದನ್ನು ಸೆರಗು ಹೇಳಿತಲ್ಲ! ಕೈಗೆ ಗಂಡನ ಹೆಸರಿನ ಪಟ್ಟಿ ಅಂಟಿಸಿ ಮೊದಲು ಅವಳನ್ನೇ ಒಳಗೆ ಕಳಿಸಿದೆ.

ಹೋಗುವಾಗ ನನ್ನ ಕೈ ಹಿಡಿದು, "ಈ ಬ್ಯಾನಿ ಹೋದ್ರ ಮಕ್ಕಳಾಗ್ತಾವಲ್ರಿ ಸಿಸ್ಟರ್?" ಎಂದು ಕೇಳಿದಳು. ನಾಲ್ಕು ಹೆತ್ತವಳ ತಮಾಷೆ ನೋಡು ಎಂದು ನಕ್ಕೆ. ಅವಳು ನಗಲಿಲ್ಲ. ಹೆದರಿಕೆಗೆ ಏನೇನೋ ಆಡುತ್ತಾರೆ, ಅಲ್ಲವೇ ಅಮ್ಮ? ನೀನಾದರೂ ಹೌದು ಎನ್ನು.

ಇನ್ನೊಬ್ಬಳು ಈಗ ಬಾಗಿಲಿಗೆ ಬಂದು, ತನ್ನ ಪಾಳಿ ಯಾವಾಗ, ಮನೆಯಲ್ಲಿ ಕೂಸು ಹಾಲಿಗೆ ಅಳುತ್ತಿರುತ್ತದೆ ಎನ್ನುತ್ತಿದ್ದಾಳೆ. ಯಾರ ಕೂಸೋ. ಇಲ್ಲಿ ಅಣ್ಣತಮ್ಮಂದಿರ ಮಕ್ಕಳೆಲ್ಲ ಒಂದೇ ಮನೆಯಲ್ಲಿ ಬೆಳೆಯುತ್ತವೆ, ಹಾಗಿರಬೇಕು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ವಿಚಾರಿಸಿ ಬರುತ್ತೇನೆ.

ನಿನ್ನ ಮುಂಗೋಪಿ ಮಗಳು,
ಸುಗುಣಾ

ತಾ.ಕ.: ಒಳಗೆ ಹೋದವಳ ಅತ್ತೆ ಗೌರಾಬಾಯಿ ಮೆಟ್ಟಿಲ ಮೇಲೆ ಕುಳಿತಿದ್ದರು. "ಹಣಮಂತರಾಯ ನಿಮ್ಮ ಮಗನೇನಮ್ಮಾ?" ಎಂದೆ. ಅವರೂ ಸೆರಗು ಎಳೆದುಕೊಂಡರು. "ಅಯ್ಯ ಶಿವನ, ಅದು ನಮ್ಮ ಮನಿಯವ್ರ ಹೆಸರರಿ. ನಮ್ಮೂರಾಗ ಆ ಹೆಸರಿನವ್ರು ಭಾಳ ಮಂದಿ ಅದಾರ. ಮಗ ಅಂಬಾರಾಯ. ಮಾವನ ಹೆಸರು ಕಿವಿಗೆ ಬಿದ್ರ ನನ್ನ ಸೊಸಿನೂ ಹಿಂಗ ಸೆರಗ ಹೊರತಾಳ್ರಿ." ಓಡಿದೆ ಅಮ್ಮ. ಮಕ್ಕಳೆಷ್ಟು ಎಂದು ಒಂದು ಮಾತು ಕೇಳಬಾರದಿತ್ತೇ ನಾನು? ಬಾಗಿಲು ತೆರೆದಿತ್ತು. ಡಾಕ್ಟರು ಕೈ ತೊಳೆಯುತ್ತ, ಇನ್ನು ಅಪೆಂಡಿಕ್ಸಿನ ಕಸ್ತೂರಿಬಾಯಿಯನ್ನು ಕಳಿಸು ಎಂದರು. ಸೊಸೆ ಪಾರಾದಳೆಂದು ಗೌರಾಬಾಯಿ ನನ್ನ ಅಂಗೈಯಲ್ಲಿ ಬೆಲ್ಲ ಇಟ್ಟಿದ್ದಾರೆ. ಅದು ಕರಗಿ ಈ ಕಾಗದಕ್ಕೆ ಅಂಟುತ್ತಿದೆ.