ನಾವೇ ಹಾಕಿಕೊಂಡ ಬೀಗ

ಶ್ರೀನಿವಾಸಪುರ
14-7-2024, ಭಾನುವಾರ

ನನ್ನ ಮುದ್ದು ಹರಿಪ್ರಿಯಾ,

ಮಾಲೂರಿನಲ್ಲಿ ನೀನು, ಅಳಿಯಂದಿರು, ಪಾಪು ಎಲ್ಲರೂ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಫೋನಿದ್ದೂ ಅಮ್ಮ ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಹೋಟೆಲ್ ಮುಚ್ಚಿದ್ದು ಸುಣ್ಣ ಹೊಡೆಸುವುದಕ್ಕೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ ಮಗಳೇ.

ಹೋದ ತಿಂಗಳ ಕೊನೆಯಲ್ಲಿ, ನಮ್ಮಲ್ಲಿ ತಿಂಡಿ ತಿನ್ನುವ ಕಾಲೇಜು ಹುಡುಗಿಯರಲ್ಲಿ ಮೂವರಿಗೆ ವಾಂತಿಭೇದಿ ಶುರುವಾಯಿತು. ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದೆ. ಶಿವಾನಿ ಎಂಬ ಹುಡುಗಿ, ದಿನವೂ ಇಡ್ಲಿಗಿಂತ ಹೆಚ್ಚು ಚಟ್ನಿ ಹಾಕಿಸಿಕೊಳ್ಳುವವಳು, ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ಅವಳ ತಾಯಿ ಮುನಿಯಲ್ಲಮ್ಮ ನನ್ನನ್ನು ನೋಡಿ ಮುಖ ತಿರುಗಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮನೆಗೆ ಬಂದು ಹೇಳಿದರೆ ನಿಮ್ಮಪ್ಪ, ಆ ಹುಡುಗಿಯರು ಬೀದಿಯಲ್ಲಿ ಏನೇನು ತಿಂದಿದ್ದರೋ ಎಂದರು. ನನಗೂ ಹಾಗೇ ನಂಬಬೇಕೆನ್ನಿಸಿತು. ಆದರೆ ಮರುದಿನ ಬೆಳಿಗ್ಗೆ ಚಟ್ನಿ ರುಬ್ಬಲು ನೀರು ತೆಗೆದುಕೊಂಡಾಗ ಏನೋ ವಾಸನೆ ಬಂತು. ಆ ನೀರನ್ನು ಚೆಲ್ಲಿಬಿಟ್ಟೆ. ಹೊರಗೆ ಜನ ಕಾಯುತ್ತಿದ್ದರು. ಇವತ್ತು ತಿಂಡಿ ಇಲ್ಲ ಎಂದು ಎಲ್ಲರನ್ನೂ ಕಳಿಸಿ, ಬಾಗಿಲಿಗೆ ಬೀಗ ಹಾಕಿ, ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ನಾನೇ ಫೋನ್ ಮಾಡಿದೆ.

ನಿಮ್ಮಪ್ಪ ಕೆಂಡವಾದರು. "ನಿನ್ಗೇನು ತಲೆ ಕೆಟ್ಟಿದ್ಯೇನೇ? ನಮ್ಮ ಹೋಟೆಲ್ ಮೇಲೆ ನಾವೇ ಕಂಪ್ಲೇಂಟ್ ಕೊಡೋದಾ?" ಎಂದು ಕೂಗಾಡಿದರು. ನಾನು "ಆ ಜಾಗದಲ್ಲಿ ನಮ್ಮ ಹರಿಪ್ರಿಯಾ ಮಲಗಿದ್ರೆ ಏನ್ ಮಾಡ್ತಿದ್ರಿ?" ಎಂದೆ. ಎದ್ದು ಹೊರಗೆ ಹೋದರು. ಆಮೇಲೆ ನನ್ನೊಡನೆ ಮಾತನ್ನೇ ಬಿಟ್ಟರು.

ನಿರೀಕ್ಷಕರು ಚಂದ್ರಮೋಹನ್ ಎಂದು, ಇನ್ನೂ ಚಿಕ್ಕ ವಯಸ್ಸು. ಅಡುಗೆಮನೆಯ ಮೂಲೆಮೂಲೆ ನೋಡಿದರು. ಸಂಪಿನ ಮುಚ್ಚಳ ಸಡಿಲ, ಹಿಟ್ಟಿನ ಪಾತ್ರೆ ತೆರೆದಿದೆ, ಕೈ ತೊಳೆಯುವ ಕಡೆ ಸೋಪಿಲ್ಲ ಎಂದರು. ತಪ್ಪೆಲ್ಲ ನಿಜವೇ. ಸಂಪಿನ ನೀರು, ಬೀದಿ ನಲ್ಲಿಯ ನೀರು ಎರಡನ್ನೂ ಬಾಟಲಿಗಳಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿದರು. ಹೊರಡುವಾಗ, "ಅಮ್ಮಾ, ಹೋಟೆಲ್‌ನೋರು ಬಾಗ್ಲು ಹಾಕ್ಕೊಂಡು ನಮ್ಮನ್ನ ಕರೆದಿದ್ದು ನಾನು ಇದೇ ಫಸ್ಟ್ ನೋಡ್ತಿರೋದು" ಎಂದರು. ಹೊಗಳಿದರೋ, ಪಾಪ ಅಂದುಕೊಂಡರೋ ತಿಳಿಯಲಿಲ್ಲ.

ಫಲಿತಾಂಶ ಬರುವವರೆಗಿನ ದಿನಗಳು ಯಾರಿಗೂ ಬೇಡ. ಎದುರುಮನೆ ಭಾರತಮ್ಮ ಕೂಡ ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದರು.

ಕೊನೆಗೆ ಗೊತ್ತಾಗಿದ್ದೇನೆಂದರೆ, ಯಾರೋ ಕೇಬಲ್ ಹಾಕಲು ಅಗೆದಾಗ ನೀರಿನ ಪೈಪಿಗೆ ಪೆಟ್ಟು ಬಿದ್ದು, ಮೋರಿ ನೀರು ಅದರೊಳಗೆ ಸೇರುತ್ತಿತ್ತು. ನಮಗೊಬ್ಬರಿಗೇ ಅಲ್ಲ, ಇಡೀ ಬೀದಿಗೆ ಅದೇ ನೀರು! ಭಾರತಮ್ಮನ ಮೊಮ್ಮಗನಿಗೆ ಹೊಟ್ಟೆನೋವೆಂದು ಮೂರು ಸಲ ಡಾಕ್ಟರ ಹತ್ತಿರ ಹೋಗಿದ್ದರಂತೆ. ಆ ದಿನವೇ ಪುರಸಭೆಯವರು ನಲ್ಲಿ ನಿಲ್ಲಿಸಿ ಟ್ಯಾಂಕರ್ ನೀರು ಕೊಟ್ಟರು, ಪೈಪು ಬದಲಾಯಿಸಿದರು. ಭಾರತಮ್ಮ ಬಂದು ನನ್ನ ಕೈ ಹಿಡಿದುಕೊಂಡರು. ಇಬ್ಬರೂ ಅತ್ತೆವು.

ಸಂಪು ತೊಳೆಸಿ, ಹೊಸ ಮುಚ್ಚಳ ಹಾಕಿಸಿ, ಕೆಲಸದವರಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದ್ದಾಯಿತು. ಚಂದ್ರಮೋಹನ್ ಮತ್ತೆ ಬಂದು ನೋಡಿ ಒಪ್ಪಿದ ಮೇಲೆ ನಿನ್ನೆ ಬಾಗಿಲು ತೆಗೆದೆವು. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಬಸ್ಸಿಳಿದು ಮುನಿಯಲ್ಲಮ್ಮ ಮಗಳ ಜೊತೆ ನೇರವಾಗಿ ಒಳಗೆ ಬಂದಳು. "ಅಕ್ಕಾ, ಇವ್ಳು ಇಲ್ಲೇ ತಿಂತೀನಿ ಅಂತ ಹಟ ಹಿಡಿದವ್ಳೆ. ನಂಗೂ ಒಂದು ಪ್ಲೇಟ್ ಕೊಡಿ" ಎಂದಳು. ಕಾಯಿಸಿ ಆರಿಸಿದ ನೀರು ಕೊಟ್ಟು, ಇಡ್ಲಿ ಹಾಕಿದೆ. ಚಟ್ನಿ ಮಾತ್ರ ಹೆದರಿ ಅರ್ಧ ಸೌಟಷ್ಟೇ ಬಡಿಸಿದೆ. ಶಿವಾನಿ ತಟ್ಟೆ ಮುಂದಕ್ಕೆ ಚಾಚಿ, "ಇನ್ನೂ ಸ್ವಲ್ಪ ಹಾಕಿ ಆಂಟಿ" ಎಂದಳು.

ಪಾಪುವಿಗೆ ನನ್ನ ಮುತ್ತು. ಬಿಡುವಾದಾಗ ಬಾ.

ನಿನ್ನ ಅಮ್ಮ,
ಶಾಮಲಮ್ಮ

ತಾ.ಕ.: ನಿಮ್ಮಪ್ಪ ಈಗ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಗಲ್ಲಾದಲ್ಲಿ ಕೂತು, ನಿರೀಕ್ಷಕರಿಗೆ ಫೋನ್ ಮಾಡಲು ಹೇಳಿದ್ದು ತಾವೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಮಾತು ಬಿಟ್ಟವರು ಹಾಗಾದರೂ ನನ್ನ ಕಡೆಗೆ ಬಂದರಲ್ಲ, ನಾನು ಹೂಂ ಅನ್ನುತ್ತಿದ್ದೇನೆ. ನೀನೂ ಹೂಂ ಅಂದುಬಿಡು.