ಪುಟ್ಟಿಯ ಬರೀ ಹಾಲು

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಪುಟ್ಟಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗಳು ತೆಗೆದುಕೊಳ್ಳುತ್ತಿದ್ದುದೇ ಎರಡು: ಅಂಚು ಕತ್ತರಿಸಿದ ಬ್ರೆಡ್ಡು, ಬರೀ ಹಾಲು. "ಬರೀ ಹಟ ಕಣಮ್ಮ, ಹಸಿದರೆ ತಾನೇ ತಿಂತಾಳೆ ಬಿಡು" ಅನ್ನುತ್ತಿದ್ದಿರಿ. ನಾನೂ ಅದನ್ನೇ ನಂಬಿ ಹೋದ ವರ್ಷ ಒಂದೂವರೆ ದಿನ ಅವೆರಡನ್ನೂ ಕೊಡದೆ ಕಾದಿದ್ದೆ. ಅವಳು ಏನೂ ಕೇಳಲಿಲ್ಲ, ಬಚ್ಚಲ ಬಾಗಿಲಲ್ಲಿ ಕುಸಿದುಬಿದ್ದಳು. ಇದು ಹಟವಲ್ಲ, ಭಯ ಎಂದು ಡಾಕ್ಟರು ಆಗಲೇ ಹೇಳಿದ್ದರು.

ನೀವು ಊರಿಗೆ ಹೊರಟ ಬೆಳಿಗ್ಗೆ ಅವಳ ಹಾಲಿಗೆ ಮೊಟ್ಟೆ ಕದಡಿಟ್ಟದ್ದು ಪ್ರೀತಿಯಿಂದಲೇ, ನನಗೆ ಗೊತ್ತು. ಒಂದೇ ಗುಟುಕಿಗೆ ಅವಳಿಗೂ ಗೊತ್ತಾಯಿತು. "ಯಾರಮ್ಮ ಹಾಕಿದ್ದು?" ಎಂದಳು. ಅಜ್ಜಿಯ ಮೇಲಾದರೂ ಅವಳಿಗೆ ನಂಬಿಕೆ ಉಳಿಯಲಿ ಎಂದು "ನಾನೇ ಕಣೇ" ಎಂದುಬಿಟ್ಟೆ.

ಒಂಬತ್ತು ದಿನವಾಯಿತು, ಹಾಲು ಮುಟ್ಟಿಲ್ಲ. ನಾನು ಕೊಟ್ಟ ನೀರನ್ನೂ ಮೂಸಿ ನೋಡುತ್ತಾಳೆ. ನಿನ್ನೆಯಿಂದ ಬ್ರೆಡ್ಡನ್ನೂ ತಳ್ಳುತ್ತಿದ್ದಾಳೆ. "ಅಜ್ಜಿ ಕೊಟ್ರೆ ಕುಡೀತೀನಿ" ಅನ್ನುತ್ತಾಳೆ.

ಪತ್ರ ಸಿಕ್ಕ ದಿನವೇ ಹೊರಟು ಬನ್ನಿ. ಅವಳೆದುರಿಗೇ ಹಾಲು ಕಾಯಿಸಿ, ಏನೂ ಬೆರೆಸದೆ ಕೊಡಿ. ಮೊಟ್ಟೆ ಹಾಕಿದ್ದು ಯಾರೆಂದು ಮಾತ್ರ ಹೇಳಬೇಡಿ. ಅವಳು ಕುಡಿದು ಮುಗಿಸುವವರೆಗೆ ನಾನು ಅಡುಗೆಮನೆಯತ್ತ ಬರುವುದಿಲ್ಲ.

ನಿಮ್ಮ ಸೊಸೆ